ಮುಂದಿನ ಖೋಲಿಯಲ್ಲಿ ಕೌಸಲ್ಯಾಬಾಯಿ

ರೈಲೇ ಬಾರದ ನಮ್ಮ ಔರಾದದಲ್ಲಿ ನನ್ನ ತಮ್ಮ ಉಮೇರ ಸಬ್‌ಮರೀನ್ ನಡೆಸುತ್ತಿದ್ದ. ಬೀದರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಹಳೆಯ ಕಂಪ್ಯೂಟರಿನಲ್ಲಿ ಅದೊಂದು ಆಟ. ಒಮ್ಮೆ ಗಸ್ತಿಗೆ ಹೊರಟರೆ ವಾರಗಟ್ಟಲೆ ನೀರೊಳಗೇ. ಹಗಲು ಮೊಬೈಲ್ ರಿಪೇರಿ, ಸಂಜೆ ಸಮುದ್ರ. ಕೆಲಸವಿಲ್ಲದ ಬಡಗಿಯ ಗಾದೆ ಇವನ ಸಂಜೆಗಳನ್ನು ನೋಡಿಯೇ ಹುಟ್ಟಿರಬೇಕು.

ಆಟದ ನಾವಿಕರಿಗೆ ಬೇಕಾದ ಹೆಸರಿಡಬಹುದಂತೆ. ಉಮೇರ ಇಡೀ ಗಲ್ಲಿಯನ್ನೇ ಹತ್ತಿಸಿದ್ದ. ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಮುನ್ನಿಬೀ ಅಡುಗೆಯಾಕೆ. ಪಕ್ಕದ ಮನೆಯ ಕೌಸಲ್ಯಾಬಾಯಿ ಹಡಗಿನ ಮುಂದಿನ ಖೋಲಿಯಲ್ಲಿ ಟಾರ್ಪೆಡೊ ಕಾಯುವವರು. ಫರ್ಹೀನ ಎಂಬ ನಾನು ಇಂಜಿನ್ನಿನ ಎಣ್ಣೆ ಒರೆಸುತ್ತಿದ್ದೆ. ಆ ಸಿಟ್ಟು ನನಗೆ ಇನ್ನೂ ಇದೆ.

ನಿಜವಾದ ಗಲ್ಲಿಯಲ್ಲಿ ದಾದಿಯೂ ಕೌಸಲ್ಯಾಬಾಯಿಯೂ ಮಾತು ಬಿಟ್ಟು ವರ್ಷವಾಗಿತ್ತು. ಮಾಳಿಗೆಯ ಮೇಲೆ ಒಣಹಾಕಿದ್ದ ಅವರ ಕುರಡಿಗೆ ಸಂಡಿಗೆಯನ್ನು ನಮ್ಮ ಆಡು ತಿಂದಿತ್ತು. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ದಾದಿ, "ಆಡು ಬರೋ ಜಾಗಾದಾಗ ಯಾಕ ಹಾಕ್ತಿ?" ಎಂದುಬಿಟ್ಟಳು. ಮದುವೆಯಾಗಿ ಬಂದಾಗಿನಿಂದಿದ್ದ ಗೆಳೆತನ ಅಲ್ಲಿಗೆ ನಿಂತಿತು, ಹಬ್ಬದ ಡಬ್ಬಿಯೂ ಗೋಡೆ ದಾಟಲಿಲ್ಲ. ದಾದಿ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಇಬ್ಬರನ್ನೂ ಒಂದೇ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಬೇಕು ಅನಿಸುತ್ತಿತ್ತು ನನಗೆ.

ಸಂಜೆಯಾದರೆ ದಾದಿ ಉಮೇರನ ಹಿಂದೆ ಬಂದು ಕೂರತೊಡಗಿದಳು.

"ಮುಂದಿನ ಖೋಲ್ಯಾಗಿನಾಕಿ ಉಂಡಳೇನು?" ಹೆಸರು ಮಾತ್ರ ಎತ್ತುತ್ತಿರಲಿಲ್ಲ.

"ಉಂಡಾರ್ರಿ ದಾದಿಮಾ."

"ನಾ ಏನ್ ಮಾಡಿದ್ದೆ?"

"ಬ್ಯಾಳಿ, ಅನ್ನ."

"ಹುಣಸಿಹಣ್ಣ ಜಾಸ್ತಿ ಹಾಕಬೇಕಿತ್ತು. ಅಕಿಗಿ ಹಂಗೇ ಸೇರ್ತದ."

ಶ್ರಾವಣ ಮುಗಿದರೂ ಹಡಗು ದಡ ಸೇರಿರಲಿಲ್ಲ. ಎಣ್ಣೆ ತಳ ಕಂಡು, ಉಮೇರ ಹಡಗನ್ನು ಮನೆಯ ಕಡೆ ತಿರುಗಿಸಿದ ದಿನವೇ ಶತ್ರುವಿನ ಹಡಗು ನೆತ್ತಿಯ ಮೇಲೆ ಬಂತು. ಒಳಗೆ ಚಮಚ ಬಿದ್ದರೂ ಮೇಲಿನವರಿಗೆ ಕೇಳುತ್ತದೆ ಎಂದು ಅವನು ಹೇಳಿದ್ದೇ ತಡ, ದಾದಿ ಒಲೆಯ ಮೇಲಿನ ಕುಕ್ಕರ್ ಇಳಿಸಿದಳು, ಫ್ಯಾನ್ ಆರಿಸಿದಳು, ಆಡಿನ ಬಾಯಿಗೆ ಮೇವು ತುರುಕಿ ಬಂದಳು. ಔರಾದದ ಕುಕ್ಕರ್ ಕಂಪ್ಯೂಟರಿನ ಶತ್ರುವಿಗೆ ಕೇಳಿಸದು ಎಂದು ಹೇಳಹೋದ ನನಗೆ ಸಿಕ್ಕಿದ್ದು "ಚುಪ್!" ಒಂದೇ. ಮನೆಯಲ್ಲಿ ಉಸಿರಿನ ಸದ್ದೂ ಇಲ್ಲ.

ಬಾಂಬುಗಳು ಬಿದ್ದವು. ಮುಂದಿನ ಖೋಲಿಗೆ ನೀರು ನುಗ್ಗಿತು. ಉಮೇರ ಬೆವತುಹೋದ.

"ನಡುವಿನ ಬಾಗಲಾ ಮುಚ್ಚಬೇಕು. ಇಲ್ಲಾಂದ್ರ ಎಲ್ಲಾರೂ ಮುಳಗ್ತೇವಿ."

"ಮುಂದ ಅಕಿ ಇದ್ದಾಳಲ್ಲೋ!"

"ಅವರನ್ನ ಬಿಡಬೇಕಾಗ್ತದ್ರಿ."

ದಾದಿ ಎದ್ದು ಅವನ ಕೈ ಹಿಡಿದಳು. "ಬ್ಯಾಡೋ! ಮುಚ್ಚಬ್ಯಾಡ! ನನ್ನ ಕೌಸಲ್ಯಾ ಒಳಗ ಇದ್ದಾಳ! ತಪ್ಪು ನಂದೇ ಅದ, ಅಕಿದಲ್ಲ!"

ಸದ್ದಿಲ್ಲದ ಮನೆಯಿಂದ ಆ ಕೂಗು ನೇರ ಗೋಡೆ ದಾಟಿತು. ಬೆಂಕಿ ಬಿತ್ತೋ ಏನೋ ಎಂದು ಕೌಸಲ್ಯಾಬಾಯಿ ಬರಿಗಾಲಲ್ಲೇ ಓಡಿ ಬಂದರು. ಕೈಯೆಲ್ಲ ಜೋಳದ ಹಿಟ್ಟು. ಉಮೇರ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಅವರು ಪರದೆಯ ಮೇಲೆ ಕೆಂಪಾಗಿ ಮಿನುಗುತ್ತಿದ್ದ ತಮ್ಮ ಹೆಸರನ್ನು ನೋಡಿದರು, ಅಳುತ್ತಿದ್ದ ದಾದಿಯನ್ನು ನೋಡಿದರು, ಅವಳ ಪಕ್ಕ ಕೂತರು.

"ಮುಚ್ಚೋ ಬೇಟಾ ಬಾಗಲಾ," ಎಂದರು. "ನಾ ಇಲ್ಲಿ ಬಂದೀನಲ್ಲ."

ಉಮೇರ ಮುಚ್ಚಿದ. ಶತ್ರು ದೂರ ಸರಿದ ಮೇಲೆ ನಮ್ಮ ಹಡಗು ನಿಧಾನವಾಗಿ ಮೇಲೆದ್ದಿತು. ಎಷ್ಟೋ ಹೊತ್ತಿನ ಮೇಲೆ ದಡ ಕಂಡಾಗ ಅವನು ಕುಣಿದಾಡಿದ; ಯಾರೂ ತಿರುಗಿ ನೋಡಲಿಲ್ಲ. ಇಬ್ಬರು ಮುದುಕಿಯರೂ ಕೈ ಬಿಡದೆ, ಒಬ್ಬರ ಮಾತಿನ ಮೇಲೊಬ್ಬರು ವರ್ಷದ ಮಾತನ್ನೆಲ್ಲ ಆಡುತ್ತಿದ್ದರು. ಸುಳ್ಳೇಕೆ, ಬಾಗಿಲಲ್ಲಿ ನಿಂತು ನಾನೂ ಅತ್ತೆ.

ನಡುವೆ ಒಮ್ಮೆ ಮಾತ್ರ ದಾದಿ ಉಮೇರನ ಕಡೆ ತಿರುಗಿದಳು.

"ಮುಂದಿನ ಸಲ ಅಕಿನ್ನ ನನ್ನ ಅಡಗಿ ಖೋಲ್ಯಾಗ ಇಡು."