ಅರ್ಧ ಅದ್ದಿದ ಸಾಲು

ಸಮಾಧಿಗಳ ಮೇಲೆ ಉರಿದು ಉಳಿದ ಮೋಟು ಮೇಣದಬತ್ತಿಗಳನ್ನು ಗುಂಡಿ ತೋಡುವವನು ಮೂರು ಗೋಣಿಚೀಲಗಳಲ್ಲಿ ತಂದು ನಮ್ಮ ಕಾರ್ಖಾನೆಯ ಬಾಗಿಲಲ್ಲಿ ದೊಪ್ಪೆಂದು ಇಳಿಸಿದ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮನೆಯ ಹಿಂದೆ ಉದ್ದನೆಯ ಒಂದು ಕೋಣೆ, ಒಂದು ಒಲೆ, ಅದರ ಮೇಲೆ ಆಳದ ಹಂಡೆ, ಹಂಡೆಯ ಮೇಲ್ಗಡೆ ಹಗ್ಗಕ್ಕೆ ತೂಗುವ ಮರದ ಪಟ್ಟಿಗಳು. ಸತ್ತವರನ್ನು ನೆನೆಯಲು ನವೆಂಬರಿನಲ್ಲಿ ಹಚ್ಚಿದ ಮೇಣವನ್ನು ಕರಗಿಸಿ, ಸೋಸಿ, ಕ್ರಿಸ್‌ಮಸ್ಸಿಗೆ ಹೊಸ ಬತ್ತಿ ಮಾಡಿ ಚರ್ಚಿಗೆ ಕೊಡುವುದು ನಮ್ಮ ಮಾವನವರ ಕಾಲದಿಂದ ನಡೆದುಬಂದದ್ದು.

"ಮಳೇಲಿ ನೆಂದುಬಿಟ್ಟಿವೆ ಅಕ್ಕಾ, ಚೆನ್ನಾಗಿ ಕಾಯಿಸಿ," ಎಂದ. ಹೊರಟವನು ಮತ್ತೆ ತಿರುಗಿದ. "ನಿಮ್ಮ ಮಗಳ ಸಮಾಧೀದೂ ಇದರಲ್ಲೇ ಸೇರಿದೆ. ಬೇರೆ ಇಡಬೇಕಿತ್ತೋ ಏನೋ, ನನಗೆ ಹೊಳೀಲಿಲ್ಲ."

"ಅಲ್ಲಿ ಎಲ್ಲರ ಜೊತೆ ಮಲಗಿದಾಳಲ್ಲ, ಇಲ್ಲಿ ಮಾತ್ರ ಬೇರೆ ಯಾಕಪ್ಪ? ಹಾಕು ಒಳಗೆ."

ನನ್ನ ನಾಲಿಗೆಯೇ ಹಾಗೆ. ಪಾಪ, ಅವನು ಮುಖ ಸಣ್ಣದು ಮಾಡಿಕೊಂಡು ಹೋದ.

ನಮ್ಮ ಕೆಲಸದ ಒಂದು ಕಟ್ಟುಪಾಡು ಹೇಳಿಬಿಡುತ್ತೇನೆ. ಒಂದು ಪಟ್ಟಿಗೆ ನಲವತ್ತು ನೂಲು ಸಾಲಾಗಿ ಕಟ್ಟಿ, ಹಂಡೆಗೆ ಇಳಿಸಿ, ಎತ್ತಿ, ಸ್ವಲ್ಪ ಆರಲು ಬಿಟ್ಟು, ಮತ್ತೆ ಇಳಿಸಬೇಕು. ಹೀಗೆ ಮೂವತ್ತು ಸಲ ಅದ್ದಿದರೆ ಬೆರಳು ಗಾತ್ರದ ಬತ್ತಿಯಾಗುತ್ತದೆ. ನಡುವೆ ಬಿಟ್ಟು ಎದ್ದರೆ ಮೇಣ ಪೂರ್ತಿ ತಣಿದು, ಮುಂದಿನ ಪದರ ಹಿಡಿಯದೆ ಸುಲಿದು ಬರುತ್ತದೆ. ಹಾಗಾಗಿ ಹಿಡಿದ ಸಾಲನ್ನು ಮುಗಿಸದೆ ನಮ್ಮಲ್ಲಿ ಯಾರೂ ಏಳುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಮಗಳು ಅರ್ಧ ಸಾಲಿನಲ್ಲಿದ್ದಾಗ ಹೇಳಿದಳು: "ಅಮ್ಮಾ, ಯಾಕೋ ಚಳಿ ಆಗ್ತಿದೆ. ತಲೆ ಎತ್ತಕ್ಕೇ ಆಗ್ತಿಲ್ಲ."

"ಈ ಸಾಲು ಮುಗಿಸಿಬಿಡು ಮರಿ. ಆಮೇಲೆ ಡಾಕ್ಟರ ಹತ್ರ ಹೋಗೋಣ," ಎಂದೆ.

ಆ ಸಾಲು ಮುಗಿಯಿತು. ನಮ್ಮ ಮನೆಯವರು ಹೊಸ ಪಟ್ಟಿ ಇಳಿಸಿಕೊಟ್ಟರು, ಇನ್ನೊಂದು ಹಿಡಿಸಿದೆ. ಅದೂ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು, ಡಾಕ್ಟರು ಬಾಗಿಲು ಹಾಕಿದ್ದರು. ಬೆಳಿಗ್ಗೆ ಅವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಜ್ವರ ಮಿದುಳಿಗೆ ಏರಿದೆ ಎಂದರು. "ನಿನ್ನೆಯೇ ಕರ್ಕೊಂಡು ಬಂದಿದ್ರೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು. ನಾಲ್ಕನೆಯ ದಿನ ಅವಳು ಹೋದಳು. ಇಪ್ಪತ್ತೆರಡು ವರ್ಷ. ಅವಳೇ ಅದ್ದಿದ ಬತ್ತಿಗಳನ್ನು ಅವಳ ತಲೆಯ ಹತ್ತಿರ ಹಚ್ಚಿದೆವು.

ಅಂದಿನಿಂದ ನಮ್ಮ ಮನೆಯವರು ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಉಪ್ಪು ಕೊಡು, ನೂಲು ಕೊಡು, ಕದ ಹಾಕು, ಇಷ್ಟೇ ನಮ್ಮಿಬ್ಬರ ಮಾತು. "ನಿನ್ನಿಂದಲೇ ಹೋದಳು" ಎಂದು ಅವರು ಒಂದು ಸಲ ಅಂದುಬಿಡಲಿ ಎಂದು ನಾನು ಇಡೀ ವರ್ಷ ಕಾದೆ. ಅಂದಿದ್ದರೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತುಬಿಡುತ್ತಿದ್ದೆ. ಅನ್ನಲಿಲ್ಲ. ದೇವರ ಹತ್ತಿರವೂ ನನಗೆ ಬಾಯಿ ಬರಲಿಲ್ಲ. ಚರ್ಚಿಗೆ ಹೋಗುತ್ತಿದ್ದೆ, ಹೋಗದಿದ್ದರೆ ಸಮಾಧಾನ ಹೇಳಲು ಊರೇ ಮನೆಗೆ ಬರುತ್ತದೆಂಬ ಹೆದರಿಕೆಗೆ. ಪೂಜೆಯ ಮೊದಲಲ್ಲಿ ಎಲ್ಲರೂ ಎದೆ ಬಡಿದುಕೊಂಡು ತಮ್ಮ ತಪ್ಪು ಒಪ್ಪಿಕೊಳ್ಳುವಾಗ ನನ್ನ ತುಟಿ ಬೀಗ ಹಾಕಿದ ಹಾಗೆ ಕೂತುಬಿಡುತ್ತಿತ್ತು. ಊರಿನವರ ಸಣ್ಣಪುಟ್ಟ ತಪ್ಪುಗಳ ಜೊತೆ ನನ್ನದನ್ನು ಹೇಗೆ ಸೇರಿಸಲಿ?

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ವಾರ ಫಾದರ್ ಬಂದರು. ಉಪದೇಶದ ನಡುವೆಯೂ ಕೈಗಡಿಯಾರ ನೋಡುವ ಅವರಿಗೆ ಗಡಿಯಾರ ಫಾದರ್ ಎಂದೇ ಹೆಸರು.

"ಈ ಸಲ ಇನ್ನೂರು ಬತ್ತಿ ಸಾಕಮ್ಮ," ಎಂದರು. ಆಮೇಲೆ ಮೆಲ್ಲಗೆ, "ಪಾಪನಿವೇದನೆಗೆ ಬಂದು ಒಂದು ವರ್ಷ ಆಯ್ತಲ್ಲ?"

"ಇನ್ನೂರಕ್ಕೆ ಮುನ್ನೂರು ಬೇಕಾದ್ರೂ ಮಾಡಿಕೊಡ್ತೀನಿ ಫಾದರ್. ಅದೊಂದು ಕೇಳಬೇಡಿ."

ಅವರು ಗಡಿಯಾರ ನೋಡಿದರು, ಆದರೆ ಏಳಲಿಲ್ಲ. "ಬಾ ಅಂತ ಬಲವಂತ ಮಾಡಲ್ಲ. ದೇವರು ಕಾಯ್ತಾನೆ. ಅವನಿಗೆ ನನ್ನ ಹಾಗೆ ಅವಸರ ಇಲ್ಲ."

ನನಗೆ ಮಾತ್ರ ಹುಟ್ಟಿದಾಗಿನಿಂದ ಅವಸರ. ನೆಂದ ಮೇಣಕ್ಕೆ ಅವಸರ ಕೂಡದು. ಒಳಗೆ ನೀರಿದ್ದರೆ ಅದು ಚಟಪಟ ಸಿಡಿಯುತ್ತದೆ. ಸಣ್ಣ ಉರಿಯಲ್ಲಿ ಅರ್ಧ ದಿನ ಕಾಯಿಸಿ, ಸದ್ದು ಪೂರ್ತಿ ನಿಂತ ಮೇಲೆಯೇ ನೂಲು ಇಳಿಸಬೇಕು. ಅದು ಮಗಳ ಕೆಲಸವಾಗಿತ್ತು. ಗಿಡ್ಡ ಸ್ಟೂಲಿನ ಮೇಲೆ ಮೊಣಕಾಲಿಗೆ ಗಲ್ಲ ಊರಿ, ಹಂಡೆಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದಳು. ನಾನು ಗದರಿದರೆ, "ತಡಿಯಮ್ಮಾ, ಇನ್ನೂ ಮಾತಾಡ್ತಿದೆ," ಎನ್ನುತ್ತಿದ್ದಳು.

ಈ ಸಲ ಆ ಸ್ಟೂಲಿನ ಮೇಲೆ ನಾನು ಕೂತೆ. ಮೇಣ ಸಿಡಿದಾಗಲೆಲ್ಲ ಅವಳ ದನಿ ಕೇಳಿದಂತಾಗುತ್ತಿತ್ತು. ಒಂದು ಗಂಟೆಯೂ ತಡೆಯಲಿಲ್ಲ ನಾನು.

"ಸಾಕು, ಪಟ್ಟಿ ಇಳಿಸ್ರಿ," ಎಂದೆ.

ನಮ್ಮ ಮನೆಯವರು ಹಂಡೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಗ್ಗ ಸಡಿಲಿಸಿ ಪಟ್ಟಿ ಇಳಿಸಿದರು.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿನ ತುಂಬ ನಮ್ಮ ಬತ್ತಿಗಳು ಉರಿಯುತ್ತಿದ್ದವು. ಪೀಠದ ಮೇಲೆ, ಬೆಂಚುಗಳ ತುದಿಯಲ್ಲಿ, ಗೋದಲಿಯಲ್ಲಿ ಮಲಗಿದ್ದ ಬಾಲಯೇಸುವಿನ ಸುತ್ತ. ಫಾದರ್, "ನಮ್ಮ ತಪ್ಪುಗಳನ್ನು ನೆನೆಯೋಣ," ಎಂದು ಹೇಳಿ ಮೌನವಾದರು. ಆ ಮೌನದಲ್ಲಿ ಎಲ್ಲೋ ಒಂದು ಬತ್ತಿ ಚಟ್ ಎಂದಿತು. ಇನ್ನೊಂದು ಚಟಚಟ ಎಂದಿತು. ನೋಡನೋಡುತ್ತ ಇಡೀ ಚರ್ಚು ಸಿಡಿಯತೊಡಗಿತು. ಹಿಂದೆ ಯಾರೋ ಕಿಸಕ್ಕೆಂದರು. ಹಾಡುವ ಹೆಂಗಸೊಬ್ಬಳು ಕೈ ಮೇಲೆ ಬಿದ್ದ ಮೇಣ ಕೊಡವಿಕೊಂಡಳು. ಗೋದಲಿಯ ಹತ್ತಿರದ ಬತ್ತಿಗಳು ಒಂದಾದ ಮೇಲೊಂದು ಆರಿಹೋದವು.

ಬತ್ತಿ ಯಾರವೆಂದು ಎಲ್ಲರಿಗೂ ಗೊತ್ತು. ನಾಚಿಕೆಯಲ್ಲಿ ಕುಗ್ಗಿಹೋದೆ. ಅದೇ ಅವಸರ. ಮಗಳನ್ನು ತಿಂದ ಅವಸರವೇ ಈಗ ಇನ್ನೂರು ಬಾಯಿಂದ ಕೂಗಿ ಹೇಳುತ್ತಿತ್ತು.

ಪಕ್ಕದಲ್ಲಿದ್ದ ನಮ್ಮ ಮನೆಯವರು ತಲೆ ತಿರುಗಿಸದೆ ಮೆಲ್ಲಗೆ ಹೇಳಿದರು: "ಅವತ್ತು ಅವಳ ಹಣೆ ಮುಟ್ಟಿ ನೋಡಿದ್ದೆ ನಾನು."

ನನಗೆ ಅರ್ಥವಾಗಲಿಲ್ಲ.

"ಕೆಂಡದ ಹಾಗೆ ಸುಡ್ತಿತ್ತು. ಸಾಲು ಮುಗಿಸು ಅಂದಾಗ ನೀನು ಅವಳನ್ನ ಮುಟ್ಟಿರಲಿಲ್ಲ, ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಪಟ್ಟಿ ಇಳಿಸಿಕೊಟ್ಟೆ. ಮೊನ್ನೇನೂ ಅಷ್ಟೇ, ಮೇಣ ಸಿಡೀತಿದ್ದದ್ದು ನನಗೂ ಕೇಳಿಸ್ತಿತ್ತು. ಯಾಕೆ ಸುಮ್ಮನಿದ್ರಿ ಅಂತ ನೀನು ಒಂದು ದಿನ ಕೇಳ್ತೀಯ ಅಂತ ಕಾಯ್ತಿದ್ದೆ ಕಣೇ."

ಮೊದಲು ಬಂದದ್ದು ಕೋಪ. ಒಂದು ವರ್ಷ! ನಾನೊಬ್ಬಳೇ ಹೊತ್ತು ಸಾಯುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಇವರು ಪಕ್ಕದಲ್ಲೇ ಕೂತು ಉಪ್ಪು ಕೇಳುತ್ತಿದ್ದರಲ್ಲ! ಚರ್ಚೆಂದೂ ನೋಡದೆ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಎನಿಸಿತು. ಅವರ ಕಡೆ ತಿರುಗಿದೆ. ಬಯ್ಗುಳಕ್ಕೆ ತಲೆ ಒಡ್ಡಿದವರಂತೆ ಕತ್ತು ಬಗ್ಗಿಸಿ ನಿಂತಿದ್ದರು. ಇವರೂ ನನ್ನ ಹಾಗೆಯೇ ಏಟಿಗಾಗಿ ಕಾದು ಕೂತವರು ಎಂದು ತಿಳಿದು ಕೋಪ ಇಳಿದುಹೋಯಿತು.

ಅಷ್ಟರಲ್ಲಿ ಎಲ್ಲರೂ ಎದೆ ಬಡಿದುಕೊಂಡು ಹೇಳಿ ಮುಗಿಸಿದ್ದರು. ನನ್ನ ಬಾಯಿ ಆಗ ತೆರೆಯಿತು. ಎಲ್ಲರಿಗಿಂತ ಹಿಂದೆ ಉಳಿದು, ಒಬ್ಬಳೇ, ನನ್ನ ತಪ್ಪಿನಿಂದ ಎಂದು ಎದೆ ಬಡಿದುಕೊಂಡೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ನೋಡಲಿ ಬಿಡಿ. ಎರಡನೆಯ ಸಲ ಹೇಳುವಾಗ ನಮ್ಮ ಮನೆಯವರ ದನಿಯೂ ಸೇರಿತು. ಫಾದರ್ ಕೈ ಎತ್ತಿ, ಕ್ಷಮೆಯ ಮಾತು ಹೇಳಲು ನಾವು ಮುಗಿಸುವ ತನಕ ಕಾದರು. ಗಡಿಯಾರ ನೋಡಲಿಲ್ಲ.

ಪೂಜೆ ಮುಗಿದ ಮೇಲೆ ನೇರ ಹೋಗಿ, "ಮೇಣ ಕಾಯಿಸದೆ ಮಾಡಿಬಿಟ್ಟೆ ಫಾದರ್," ಎಂದೆ.

"ಹೊಸದು ಸಂಜೆಗೆ ಆಗುತ್ತಾ?"

"ಸಂಜೆಗೆ ಆಗಲ್ಲ. ಆದಾಗ ಕೊಡ್ತೀನಿ." ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಸಿಡಿದ ಬತ್ತಿಗಳನ್ನೆಲ್ಲ ಮತ್ತೆ ಹಂಡೆಗೆ ಹಾಕಿದೆವು. ನಾನು ಸ್ಟೂಲಿನ ಮೇಲೆ, ನಮ್ಮ ಮನೆಯವರು ನೆಲದ ಮೇಲೆ. "ಇನ್ನೂ ಮಾತಾಡ್ತಿದೆ," ಎಂದರು ಅವರು. ಮಗಳ ಮಾತು ಅವರಿಗೂ ನೆನಪಿತ್ತು. ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ನಾನು ದೇವರನ್ನು ಏನೂ ಕೇಳಲಿಲ್ಲ, ಸುಮ್ಮನೆ ಅವನ ಎದುರು ಕೂತಿದ್ದೆ. ಮಗಳು ಬರುವುದಿಲ್ಲ. ಆ ದಿನವೂ ತಿರುಗಿ ಬರುವುದಿಲ್ಲ. ಆದರೂ ಒಂದು ವರ್ಷದ ಮೇಲೆ ಮೊದಲ ಸಲ ಎದೆಯಲ್ಲಿ ಉಸಿರು ಸರಾಗವಾಗಿ ಓಡಾಡಿತು. ಮಧ್ಯಾಹ್ನದ ಹೊತ್ತಿಗೆ ಹಂಡೆ ಸುಮ್ಮನಾಯಿತು.

ಪಟ್ಟಿ ಇಳಿಸಿದೆವು. ಹದಿನೈದನೆಯ ಅದ್ದು ಇರಬೇಕು, ಅತ್ತು ಸುಸ್ತಾಗಿದ್ದಕ್ಕೋ ಏನೋ, ಮೈ ಜುಮ್ಮೆಂದಿತು.

"ಯಾಕೋ ಚಳಿ ಆಗ್ತಿದೆ ರೀ," ಎಂದುಬಿಟ್ಟೆ. ಅಂದ ಮೇಲೆ ಅದು ಯಾರ ಮಾತೆಂದು ಹೊಳೆಯಿತು.

ಅವರು ಹಗ್ಗವನ್ನು ಕೊಕ್ಕೆಗೆ ಕಟ್ಟಿದರು. ಒಲೆ ಆರಿಸಿದರು. ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟರು.

"ಏಳು, ಡಾಕ್ಟರ ಹತ್ರ ಹೋಗೋಣ."

"ಏನೂ ಇಲ್ಲ ರೀ, ಬರೀ ಸುಸ್ತು. ಸಾಲು ಹಾಳಾಗುತ್ತೆ."

"ಆಗಲಿ," ಎಂದರು.

ನಲವತ್ತು ಬತ್ತಿಗಳು ಅರ್ಧಕ್ಕೇ ನಿಂತು ಹಂಡೆಯ ಮೇಲೆ ತಣಿಯುತ್ತಿದ್ದವು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.