ಎಮ್ಮೆಗೆ ತಂದ ರೊಟ್ಟಿ

ಎಳ್ಳ ಅಮಾವಾಸ್ಯೆಯ ದಿನವೇ ನಿಡೋಣಿಯ ಲಕ್ಕವ್ವನ ಹೊಲದಲ್ಲಿ ಪಂಪಿನ ಸ್ಟಾರ್ಟರ್ ಸುಟ್ಟು ಕೂತಿತು. ಕೆಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಹಬ್ಬದೂಟಕ್ಕೆ ಬೀಗರು, ಎಂದರೆ ಮಗಳು ಶೈಲಶ್ರೀಯ ಅತ್ತೆ-ಮಾವ, ವಿಜಯಪುರದಿಂದ ಬರುವವರಿದ್ದರು. ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟವರು. ಅವರೆದುರು ಗೋಧಿ ಬಾಡಿ ನಿಂತರೆ ಮರ್ಯಾದೆ ಏನಾದೀತು? ಪಂಪು ರಿಪೇರಿ ಮಾಡುವ ತಿಕೋಟಾದ ಬುಡ್ಡೇಸಾಬನಿಗೆ ಫೋನ್ ಮಾಡಿದಳು. ಪಾಪ, ಆತ ಇದ್ದ ಕೆಲಸ ಬಿಟ್ಟು ಬೈಕು ಹತ್ತಿ ಬಂದ.

ಮಧ್ಯಾಹ್ನಕ್ಕೆ ಆತನಿಗೆ ಹಸಿವಾಯಿತು. ಬನ್ನಿಗಿಡದ ಕೆಳಗೆ ಬುಟ್ಟಿ ತುಂಬ ಶೇಂಗಾ ಹೋಳಿಗೆ, ಸಜ್ಜೆ ಕಡುಬು ಇದ್ದವು.

"ಚರಗ ಚೆಲ್ಲೋತನಕ ಅದನ್ನ ಯಾರಿಗೂ ಕೊಡಂಗಿಲ್ಲಪಾ" ಎಂದಳು ಲಕ್ಕವ್ವ.

ಸುಳ್ಳಲ್ಲ, ಹೊಲದ ತುಂಬ ಎರಚುವ ಆ ಮೊದಲ ಎಡೆ ಭೂಮಿತಾಯಿಗೇ. ಆದರೆ ಅರ್ಧ ತಾಸು ತಡೆದಿದ್ದರೆ ಚರಗ ಚೆಲ್ಲಿ ಮುಗಿಯುತ್ತಿತ್ತು. ಆಗ ಬೀಗರ ಪಂಕ್ತಿಯಲ್ಲಿ ಆತನನ್ನೂ ಕೂರಿಸಬೇಕಾಗುತ್ತಿತ್ತು. ಲಕ್ಕವ್ವನಿಗೆ ಬೇಡವಾದದ್ದು ಅದು. ಎಮ್ಮೆಗೆಂದು ತಂದಿದ್ದ ನಾಲ್ಕು ತಂಗಳ ರೊಟ್ಟಿಯಲ್ಲಿ ಎರಡನ್ನು ತೆಗೆದು, ನಿನ್ನೆಯ ಹುಳಿವಾಸನೆಯ ಪಲ್ಯ ಸುರಿದು, ಒಂದು ತಂಬಿಗೆ ನೀರಿಟ್ಟು ಕೊಟ್ಟಳು.

ಆತ ಒಂದು ಚೂರೂ ಬಿಡದೆ ಉಂಡ. ಆಮೇಲೆ ಎರಡೂ ಅಂಗೈ ಎತ್ತಿ ಹಿಡಿದು, ತುಟಿ ಅಲುಗಿಸಿ, ಕೈಗಳನ್ನು ಮುಖಕ್ಕೆ ಸವರಿಕೊಂಡ.

ಲಕ್ಕವ್ವ ಬುಟ್ಟಿ ಬಿಟ್ಟು ಎದ್ದು ಬಂದಳು. ಶಾಪಗೀಪ ಹಾಕಿದನೋ ಏನೋ!

"ಏನ ಬೇಡ್ಕೊಂಡ್ಯೋ ಬುಡ್ಡೇಸಾಬ?"

"ಹೊಟ್ಟಿ ತುಂಬಿಸಿದಿ ಅಂತ ಅಲ್ಲಾಗ ಶುಕ್ರಿಯಾ ಹೇಳಿದ್ನಿರಿ ಯಕ್ಕಾ. ಆಮ್ಯಾಲ, ನನಗ ಉಣಿಸಿದವ್ರಿಗೆ ನೀ ಉಣಿಸು, ನೀರ ಕೊಟ್ಟವ್ರಿಗೆ ನೀ ನೀರ ಕೊಡು ಅಂತ ನಿಮ್ಮ ಸಲುವಾಗಿ ಬೇಡ್ಕೊಂಡ್ನಿ."

ಅದಕ್ಕಿಂತ ಶಾಪ ಹಾಕಿದ್ದರೇ ಚೆನ್ನಾಗಿತ್ತು, ತಿರುಗಿ ನಾಲ್ಕು ಬೈದು ಹಗುರಾಗಬಹುದಿತ್ತು. ಆತ ಎದ್ದು ಹೋಗಿ ವೈರು ಬಿಗಿದು ಗುಂಡಿ ಒತ್ತಿದ. ಪೈಪಿನ ಬಾಯಿಂದ ನೀರು ಭೋರೆಂದು ಬಿತ್ತು. ಬೇಡಿದ್ದರಲ್ಲಿ ಒಂದು ಆಗಲೇ ಕೈಗೂಡಿತ್ತು. ಇನ್ನೊಂದನ್ನು ನೆನೆದು ಲಕ್ಕವ್ವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ತಾಟಿನ ತುಂಬ ಹೋಳಿಗೆ ಹಾಕಿಕೊಂಡು ಬೈಕಿನ ಹತ್ತಿರ ಓಡಿದಳು.

"ಇದನ್ನೊಂದಿಷ್ಟ ತಿಂದು ಹೋಗೋ ಯಪ್ಪಾ."

"ಚರಗ ಇನ್ನೂ ಚೆಲ್ಲಿಲ್ಲಲ್ರಿ ಯಕ್ಕಾ" ಎಂದು ಆತ ಗಾಬರಿಯಾದ. "ನನ್ನಿಂದ ನಿಮ್ಮ ಹಬ್ಬಕ್ಕ ಮೈಲಿಗಿ ಆಗೂದು ಬ್ಯಾಡ. ನನ್ನ ಹೊಟ್ಟಿ ತುಂಬೇತ್ರಿ." ಮಾತಿನಲ್ಲಿ ಕೊಂಕಿರಲಿಲ್ಲ. ಬೈಕು ತಿಕೋಟಾದ ಕಡೆ ಹೋಯಿತು.

ಬೀಗರು ಬಂದರು. ಚರಗ ಚೆಲ್ಲಿದ್ದಾಯಿತು, ಪಂಕ್ತಿ ಕೂತಿತು. ಲಕ್ಕವ್ವ ತನ್ನ ತಾಟಿಗೆ ಉಳಿದೆರಡು ತಂಗಳ ರೊಟ್ಟಿ ಹಾಕಿಕೊಂಡಳು.

"ಎಮ್ಮೀಗೆ ತಂದ ರೊಟ್ಟಿ ತಿನ್ನಾಕತ್ತಿಯಲ್ಲ ಬೇ ಯವ್ವಾ!" ಎಂದಳು ಹಬ್ಬಕ್ಕೆ ಮೊದಲೇ ತವರಿಗೆ ಬಂದಿದ್ದ ಶೈಲಶ್ರೀ. ಬೀಗರೆಲ್ಲ ತಿರುಗಿ ನೋಡಿದರು.

"ನೀರ ತಂದ ಬುಡ್ಡೇಸಾಬಗ ಇದನ್ನ ಉಣಿಸೇನಿ" ಎಂದಳು ಲಕ್ಕವ್ವ, ಎಲ್ಲರಿಗೂ ಕೇಳುವಂತೆ. "ಉಣಿಸಿದಾಕಿಗೂ ಊಟ ಸಿಗಲಿ ಅಂತ ಬೇಡ್ಕೊಂಡು ಹೋಗ್ಯಾನ. ಸಿಕ್ಕೇತಿ."

ರೊಟ್ಟಿ ಒಣಗಿ ಗಟ್ಟಿಯಾಗಿತ್ತು. ಆತ ಹರಿಸಿಕೊಟ್ಟ ನೀರು ಕುಡಿದೇ ನುಂಗಿದಳು.