ನಡುವಿನ ಸಾಲುಗಳು

ಬದಾಮಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಜಾನಕಿಬಾಯಿಗೆ ಅಂದಾನಪ್ಪನ ಮೇಲೆ ಸಂಶಯ ಹುಟ್ಟಿದ್ದು ಅವನ ಹೆಂಡತಿ ಸಹಜವಾಗಿ ಆಡಿದ ಒಂದು ಮಾತಿನಿಂದ.

ಅದು ೧೯೮೯ರ ಬೇಸಿಗೆ. ಅಂದಾನಪ್ಪ ಬಾಗಲಕೋಟೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಇಲೆಕ್ಟ್ರಿಕಲ್ ಎಂಜಿನಿಯರ್. ಮುಂಬಯಿಯಿಂದ ಬಿಡಿಭಾಗ ತರಿಸಿ ತಾನೇ ಕಂಪ್ಯೂಟರ್ ಜೋಡಿಸಿಕೊಂಡಿದ್ದ. ಅದನ್ನು ಮೋಡೆಮ್ ಎಂಬ ಪೆಟ್ಟಿಗೆಯ ಮೂಲಕ ಮನೆಯ ಟೆಲಿಫೋನಿಗೆ ಕಟ್ಟಿ ಬುಲೆಟಿನ್ ಬೋರ್ಡ್ ಒಂದನ್ನು ನಡೆಸುತ್ತಿದ್ದ. ಬೇರೆ ಕಂಪ್ಯೂಟರಿನವರು ಅವನ ನಂಬರಿಗೆ ಡಯಲ್ ಮಾಡಿದರೆ ಪರದೆಯ ಮೇಲೆ ಅಲ್ಲಿದ್ದ ಬರಹ ಓದಬಹುದಿತ್ತು, ತಮ್ಮದನ್ನೂ ಬರೆದು ಬಿಡಬಹುದಿತ್ತು. ಒಂದು ಸಲಕ್ಕೆ ಒಬ್ಬರೇ. ಆ ಸೀಮೆಯಲ್ಲಿ ಕಂಪ್ಯೂಟರ್ ಇದ್ದವರೇ ಬೆರಳೆಣಿಕೆಯಷ್ಟು. ಬೋರ್ಡಿಗೆ ನಿಯಮಿತವಾಗಿ ಬರುತ್ತಿದ್ದವರು ಇಬ್ಬರು. ಒಬ್ಬಳು ಜಾನಕಿಬಾಯಿ. ಸರಕಾರದ ಯೋಜನೆಯಲ್ಲಿ ಶಾಲೆಗೆ ಬಂದಿದ್ದ ಕಂಪ್ಯೂಟರನ್ನು ಅವಳ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಫೋನ್ ಇದ್ದದ್ದು ಹೆಡ್‌ಮಾಸ್ತರರ ಕೋಣೆಯಲ್ಲಾದ್ದರಿಂದ ಅವರನ್ನು ಒಪ್ಪಿಸಿ ಕಂಪ್ಯೂಟರನ್ನೂ ಅಲ್ಲಿಗೇ ಒಯ್ದಿದ್ದಳು. ಇನ್ನೊಬ್ಬ ಇಳಕಲ್ಲಿನ ಗ್ರಾನೈಟ್ ಕಂಪನಿಯೊಂದರ ಮ್ಯಾನೇಜರ್ ಕಲ್ಲಪ್ಪ.

ಮೊದಲು ಮೂವರೂ ತಮ್ಮ ತಮ್ಮಲ್ಲೇ ಬರೆದುಕೊಳ್ಳುತ್ತಿದ್ದರು. ಆಮೇಲೆ ಅಂದಾನಪ್ಪನಿಗೆ ನ್ಯೂಸ್‌ಗ್ರೂಪ್‌ಗಳ ಹುಚ್ಚು ಹಿಡಿಯಿತು. ಜಗತ್ತಿನ ಎಲ್ಲೆಲ್ಲಿಯದೋ ಕಾಲೇಜುಗಳ ಕಂಪ್ಯೂಟರುಗಳು ಒಂದಕ್ಕೊಂದು ಸೇರಿಕೊಂಡು ವಿಷಯಕ್ಕೊಂದು ಗುಂಪು ಮಾಡಿಕೊಂಡಿವೆ, ಗಣಿತಕ್ಕೊಂದು, ಕಲ್ಲು ಮಣ್ಣಿಗೊಂದು, ಅಡುಗೆಗೂ ಒಂದು. ಯಾರು ಬರೆದರೂ ಎಲ್ಲರೂ ಓದುತ್ತಾರೆ, ಉತ್ತರ ಕೊಡುತ್ತಾರೆ ಎಂದು ಅವನು ವಿವರಿಸಿದಾಗ ಕಲ್ಲಪ್ಪ ನಕ್ಕಿದ್ದ. ಮುಂಬಯಿಯ ಒಂದು ಸಂಸ್ಥೆಯಲ್ಲಿ ಅಂದಾನಪ್ಪನ ಹಳೆಯ ಗೆಳೆಯನಿದ್ದ. ಅವನು ಕೆಲವು ಗುಂಪುಗಳ ಬರಹಗಳನ್ನು ಒಂದು ಕಟ್ಟು ಮಾಡಿ ಇಟ್ಟಿರುತ್ತಿದ್ದ. ಬೆಳಗಿನ ಹೊತ್ತು ಅಂದಾನಪ್ಪ ಮುಂಬಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಆ ಕಟ್ಟನ್ನು ಇಳಿಸಿಕೊಂಡು, ಇಲ್ಲಿಯವರು ಬರೆದದ್ದನ್ನು ಅಲ್ಲಿಗೆ ಏರಿಸಬೇಕು. ಮರುದಿನಕ್ಕೆ ಹೊಸ ಕಟ್ಟು ಬರುತ್ತಿದ್ದುದರಿಂದ ಹಳೆಯದು ಮತ್ತೆ ಸಿಗುತ್ತಿರಲಿಲ್ಲ.

ಬಾಗಲಕೋಟೆಗಾದರೆ ಬದಾಮಿಯಿಂದಲೂ ಇಳಕಲ್ಲಿನಿಂದಲೂ ನೇರ ಡಯಲ್ ಮಾಡಬಹುದಿತ್ತು. ಮುಂಬಯಿ ಲೈನು ಮಾತ್ರ ಆಪರೇಟರ್ ಕೈಯಲ್ಲಿ. ಮೂರು ಮಿನಿಟಿಗೊಮ್ಮೆ ಆಕೆ ನಡುವೆ ಬಂದು ಮುಂದುವರಿಸಲೇ ಎಂದು ಕೇಳುವುದು ನಿಯಮ. ಆಕೆಯ ದನಿ ಲೈನಿನೊಳಗೆ ಬಂತೆಂದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಹೀಗಾಗಿ ಮೊದಲ ವಾರಗಳಲ್ಲಿ ಬೋರ್ಡಿಗೆ ಬಂದ ಬರಹಗಳೆಲ್ಲ ತೂತು ತೂತು. ಒಳ್ಳೆ ಸ್ವಾರಸ್ಯದ ಕಡೆ ಬರೀ ಚುಕ್ಕೆ, ಗೆರೆ, ಅಂಕಿ. ಕಲ್ಲಪ್ಪ ಫೋನ್ ಮಾಡಿ, ಅರ್ಧಂಬರ್ಧ ಬರುವುದಾದರೆ ಇದನ್ನೆಲ್ಲ ಯಾಕೆ ಹಾಕುತ್ತೀರಿ, ಓದುವವರ ಹೊತ್ತಿಗೆ ಬೆಲೆ ಇಲ್ಲವೇ ಎಂದು ಅಂದಾನಪ್ಪನನ್ನು ಆಡಿಕೊಂಡಿದ್ದ. ಅದಾದ ಸ್ವಲ್ಪ ದಿನಕ್ಕೆ ಬರಹಗಳು ತುಂಬಿ ಬರತೊಡಗಿದವು. ಒಂದು ಅಕ್ಷರವೂ ಆಚೀಚೆ ಇಲ್ಲ. ಲೈನು ಸುಧಾರಿಸಿದೆ ಎಂದ ಅಂದಾನಪ್ಪ.

ಜಾನಕಿಬಾಯಿ ಅದನ್ನು ನಂಬಿದ್ದಳು. ಒಂದು ರವಿವಾರ ತಂಗಿಯ ಮನೆಗೆಂದು ಬಾಗಲಕೋಟೆಗೆ ಹೋದವಳು ಅಂದಾನಪ್ಪನ ಮನೆಗೂ ಹೋದಳು. ಅವನು ಪೇಟೆಗೆ ಹೋಗಿದ್ದ. ಅವನ ಹೆಂಡತಿ ಗುರುಸಿದ್ದವ್ವ ಚಹಾ ಕೊಟ್ಟು, ಕಂಪ್ಯೂಟರ್ ಕೋಣೆಯ ಕಡೆ ಗದ್ದದಿಂದಲೇ ಸನ್ನೆ ಮಾಡಿ ಹೇಳಿದಳು:

"ಫೋನ್ ಇಟ್ಟ ಮ್ಯಾಲೂ ಒಳಗ ಕುಂತು ಟಕಟಕ ಬಡೀತಿರ್ತಾರ್ರಿ. ಏನ್ ಮಾಡಾಕತ್ತೀರಿ ಅಂದ್ರ ಸುದ್ದಿ ಹಸನ ಮಾಡಾಕತ್ತೇನಿ ಅಂತಾರ. ಸುದ್ದಿ ಏನ್ ಜ್ವಾಳ ಏನ್ರಿ, ಹಸನ ಮಾಡಾಕ?"

ಜಾನಕಿಬಾಯಿ ನಕ್ಕಳು. ಆದರೆ ಸಂಜೆ ಬದಾಮಿಯ ರೈಲಿನಲ್ಲಿ ಕೂತಾಗ ಆ ಮಾತು ಬಿಡಲಿಲ್ಲ. ಬಂದದ್ದನ್ನು ಹಾಗೇ ಬೋರ್ಡಿಗೆ ಹಾಕುವುದಾದರೆ ಆಮೇಲೆ ಬಡಿಯುವುದೇನಿದೆ? ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದ ಬರಹಗಳನ್ನು ತೆಗೆದು ಮತ್ತೆ ಓದಿದಳು. ಕೆನಡಾದವನೊಬ್ಬ, ಜರ್ಮನಿಯವಳೊಬ್ಬಳು, ಆಸ್ಟ್ರೇಲಿಯಾದವನೊಬ್ಬ, ಮೂವರೂ ಒಂದಲ್ಲ ಒಂದು ಕಡೆ 'ಇನ್ ಟೋಟೋ', ಅಂದರೆ ಪೂರ್ತಿಯಾಗಿ, ಎಂದು ಬರೆದಿದ್ದರು. ಅದು ಅಂದಾನಪ್ಪನ ಮಾತು. ಕಾರ್ಖಾನೆಯ ಕಾಗದಪತ್ರದಲ್ಲಿ ಕಲಿತು ಬಾಯಲ್ಲೂ ಬಂದುಬಿಟ್ಟದ್ದು.

ಅವಳು ಇಳಕಲ್ಲಿಗೆ ಫೋನ್ ಮಾಡಿದಳು. ಕಲ್ಲಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

"ಅಕ್ಕಾರ, ಆ ಜರ್ಮನಿನೂ ಇಲ್ಲ, ಕೆನಡಾನೂ ಇಲ್ಲ. ಎಲ್ಲಾದರಾಗೂ ಒಬ್ಬಂದ ದನಿ ಕೇಳ್ತೈತಿ. ಮುಂಜಾನೆದ್ದು ಮುಂಬೈ ಅನ್ನೂದು, ತಾನ ಕುಂತು ಬರಿಯೂದು."

ಹಾಗಾದರೆ ಅದರಿಂದ ಅವನಿಗೇನು ಸಿಗುತ್ತದೆ ಎಂದು ಜಾನಕಿಬಾಯಿ ಕೇಳಿದಳು. ಕಲ್ಲಪ್ಪ, ಇಂಥವರಿಗೆ ಏನಾದರೂ ಸಿಗಲೇಬೇಕು ಅಂತಿಲ್ಲ, ನಾವು ಬಾಯಿ ಬಿಟ್ಟು ಓದಿದರೆ ಸಾಕು ಎಂದ. ಆ ಮಾತು ಅವಳಿಗೆ ಹಿಡಿಸಲಿಲ್ಲ. ಆದರೆ ಅಲ್ಲಗಳೆಯಲೂ ಆಗಲಿಲ್ಲ. ಅಂದಾನಪ್ಪನಿಗೆ ಬರೆದು, ಮುಂಬಯಿಯಿಂದ ಕಟ್ಟು ಇಳಿಸುವುದನ್ನು ಒಮ್ಮೆ ನೋಡಬೇಕೆಂದಿದೆ ಎಂದಳು. ಮೋಡೆಮಿಗೆ ಟೆಲಿಫೋನ್ ಇಲಾಖೆಯ ಅನುಮತಿ ಇನ್ನೂ ಬಂದಿಲ್ಲ, ಆ ಹೊತ್ತಿನಲ್ಲಿ ಮನೆಗೆ ಜನ ಸೇರಿಸುವುದು ಬೇಡ ಎಂದು ಅವನು ಉತ್ತರಿಸಿದ. ಅನುಮತಿಯ ಮಾತು ಸುಳ್ಳಲ್ಲ. ಆದರೂ ಅವನು ಅದರ ಹಿಂದೆ ಅಡಗಿ ನಿಂತಿದ್ದಾನೆ ಎಂದೇ ಅವಳಿಗೆ ಅನ್ನಿಸಿತು.

ಆಗ ಅವಳಿಗೆ ಒಂದು ಪರೀಕ್ಷೆ ಹೊಳೆಯಿತು. ಅಂದಾನಪ್ಪನಿಗೆ ರೇಖಾಗಣಿತ ಬಾರದು. ಹಿಂದೊಮ್ಮೆ ಅವಳು ಅವನಿಗೆ ಒಂದು ಲೆಕ್ಕ ಕೊಟ್ಟಿದ್ದಳು: ನಾಲ್ಕು ಬದುವಿನ ಒಂದು ಸೊಟ್ಟ ಹೊಲ, ಅದರ ಒಂದು ಮೂಲೆಯಲ್ಲಿ ಬಾವಿ. ಇಬ್ಬರು ಅಣ್ಣತಮ್ಮಂದಿರು ಹೊಲವನ್ನು ಸರಿಯಾಗಿ ಅರ್ಧ ಮಾಡಿಕೊಳ್ಳಬೇಕು, ಇಬ್ಬರಿಗೂ ಬಾವಿ ದಕ್ಕಬೇಕು. ಅಂದರೆ ಬಾವಿಯ ಮೂಲೆಯಿಂದ ಒಂದೇ ನೇರ ಗೆರೆ ಹಾಕಿ ಹೊಲವನ್ನು ಎರಡು ಸಮ ಪಾಲು ಮಾಡಬೇಕು. ಅಂದಾನಪ್ಪ ಎರಡು ದಿನ ಒದ್ದಾಡಿ ಕೈಬಿಟ್ಟಿದ್ದ. ಅವಳೂ ಉತ್ತರ ಹೇಳಿರಲಿಲ್ಲ. ಅದೇ ಲೆಕ್ಕವನ್ನು ಈಗ ಗಣಿತದ ಗುಂಪಿಗೆಂದು ಬೋರ್ಡಿನಲ್ಲಿ ಬರೆದಳು. ಸರಿಯುತ್ತರ ಬಂದರೆ ಅದನ್ನು ಬರೆದವನು ಅಂದಾನಪ್ಪನಲ್ಲ. ಬಾರದಿದ್ದರೆ ಗೊತ್ತಾಗೇ ಆಗುತ್ತದೆ.

ಡೆನ್ಮಾರ್ಕಿನ ಹೆನಿಂಗ್ ಎಂಬಾತನ ಹೆಸರಿನಲ್ಲಿ ಉತ್ತರ ಬಂತು. ಆದರೆ ಅದು ಅವಳು ಎಣಿಸಿದ ಎರಡರಲ್ಲಿ ಯಾವುದೂ ಆಗಿರಲಿಲ್ಲ. ಆರಂಭ ಸೊಗಸಾಗಿತ್ತು: ಬಾವಿಯ ಎಡಬಲದ ಎರಡು ಮೂಲೆಗಳನ್ನು ಒಂದು ಗೆರೆಯಿಂದ ಸೇರಿಸಿ, ಆ ಗೆರೆಯ ನಟ್ಟನಡುವೆ ಒಂದು ಚುಕ್ಕೆ ಇಡಿ ಎಂದಿತ್ತು. ಕೊನೆಯೂ ಸರಿಯಾಗಿತ್ತು: ಆ ಸಮಾಂತರ ಗೆರೆ ಬದುವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಬಾವಿಯಿಂದ ಗೆರೆ ಎಳೆದರೆ ಹೊಲ ಅರ್ಧವಾಗುತ್ತದೆ ಎಂದಿತ್ತು. ಆದರೆ ಯಾವ ಸಮಾಂತರ ಗೆರೆ? ನಡುವಿನ ಸಾಲುಗಳಲ್ಲಿ ಅದನ್ನು ಎಳೆದೇ ಇರಲಿಲ್ಲ. ಅಲ್ಲಿ ಇದ್ದದ್ದು ಬೇರೆ: ಬಾವಿಯಿಂದ ಚುಕ್ಕೆಗೆ ಗೆರೆ ಹಾಕಿ ಅದನ್ನೇ ಎದುರಿನ ಬದುವಿನವರೆಗೆ ಎಳೆಯಿರಿ, ಹೊಲ 'ಇನ್ ಟೋಟೋ' ಪಾಲಾಗುತ್ತದೆ ಎಂದು. ಹಾಗೆ ಎಳೆದರೆ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮೋಸವಾಗುತ್ತಿತ್ತು. ಇದೇ ತಪ್ಪು ದಾರಿಯಲ್ಲಿ ಅಂದಾನಪ್ಪ ಹಿಂದೆ ಒದ್ದಾಡಿದ್ದು ಅವಳಿಗೆ ನೆನಪಿತ್ತು.

ಯಾವುದೋ ಪುಸ್ತಕ ನೋಡಿ ಅರ್ಧ ತಿಳಿದು ಬರೆದಿದ್ದಾನೆ ಎಂದುಕೊಂಡಳು. ಅವನಿಗೆ ನೇರವಾಗಿ ಹೇಳದೆ, ಗುಂಪಿಗೇ ಹೋಗುವಂತೆ ತನ್ನ ಹೆಸರು, ಶಾಲೆ, ಊರು ಹಾಕಿ ಇಂಗ್ಲಿಷಿನಲ್ಲಿ ಒಂದು ತಿದ್ದುಪಡಿ ಬರೆದಳು. ನಡುವಿನ ಸಾಲುಗಳನ್ನು ಹಾಗೇ ಎತ್ತಿ ಬರೆದು, ಗಣಿತ ಬಲ್ಲವರು ಹೀಗೆ ತಪ್ಪಬಾರದು ಎಂದಳು. ಹೆನಿಂಗ್ ಎಂಬವನು ಇದ್ದರೆ ಉತ್ತರ ಕೊಡುತ್ತಾನೆ. ಆದರೆ ಆ ತಿದ್ದುಪಡಿ ಅಂದಾನಪ್ಪನ ಕೈ ದಾಟಿಯೇ ಹೋಗಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಶಾಲೆಯ ಫೋನಿಗೆ ಅಂದಾನಪ್ಪನ ಕರೆ ಬಂತು. ಹೆಡ್‌ಮಾಸ್ತರರು ರಿಸೀವರ್ ಕೊಟ್ಟು ಅಲ್ಲೇ ಕೂತರು.

"ಅಕ್ಕಾರ, ನಿನ್ನೆ ಬರದೀರಲ್ಲ, ಅದನ್ನ ಕಳಸ್ಲೇಬೇಕೇನ್ರಿ?"

"ಯಾಕ, ಕಳಸಬಾರದೇನು?"

"ಕಳಸ್ತೇನಿ" ಎಂದು ಅವನು ಫೋನ್ ಇಟ್ಟುಬಿಟ್ಟ.

ಅವನು ಕಳಿಸುವುದಿಲ್ಲ ಎಂದು ಅವಳು ತೀರ್ಮಾನಿಸಿದಳು. ದಿನ ಕಳೆದಂತೆ ಅದೇ ಖಾತ್ರಿಯಾಯಿತು. ಬೋರ್ಡಿನಲ್ಲಿ ಬೇರೆಯವರ ಬರಹ ಬರುತ್ತಿತ್ತು, ಹೆನಿಂಗನದು ಇರಲಿಲ್ಲ. ಪಾಪ, ಡೆನ್ಮಾರ್ಕಿನವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಕಲ್ಲಪ್ಪ ಚೇಷ್ಟೆ ಮಾಡಿದ.

ಒಂದು ಮುಂಜಾನೆ ಶಾಲೆಯ ಗಂಟೆಗೆ ಮುಂಚೆ ಡಯಲ್ ಮಾಡಿದಾಗ ಪರದೆಯ ಮೇಲೆ ಅದು ಬಂತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ತೂತುಗಳಿದ್ದ ಬರಹ. ನಡುನಡುವೆ ಚುಕ್ಕೆ, ಗೆರೆ, ಹುಚ್ಚು ಅಂಕಿಗಳು. ಹೆನಿಂಗ್ ವಿನಯದಿಂದ ಬರೆದಿದ್ದ: ನೀವು ಎತ್ತಿ ತೋರಿಸಿದ ಸಾಲುಗಳು ತಪ್ಪು, ನಿಜ, ಆದರೆ ಅವು ನನ್ನವಲ್ಲ. ನನ್ನ ಬರಹದೊಳಗೆ ಅವು ಹೇಗೆ ಸೇರಿದವೋ ತಿಳಿಯದು. ಆ ಜಾಗದಲ್ಲಿ ನಾನು ಬರೆದದ್ದು ಇದು ಎಂದು, ಸಮಾಂತರ ಗೆರೆ ಎಳೆಯುವುದನ್ನು ಹೇಳತೊಡಗಿದಲ್ಲಿಗೆ ಅಕ್ಷರಗಳು ಮುರಿದಿದ್ದವು. ಮುಂದೆ ಅವನ ಹೆಸರು ಮಾತ್ರ ಉಳಿದಿತ್ತು.

ಜಾನಕಿಬಾಯಿ ಅದನ್ನು ಎರಡು ಸಲ ಓದಿದಳು. ಈ ಬರಹವನ್ನು ತಡೆಯುವುದು ಅಂದಾನಪ್ಪನಿಗೆ ಒಂದು ಗುಂಡಿ ಒತ್ತಿದಷ್ಟು ಸುಲಭವಿತ್ತು. ಅವಳ ತಿದ್ದುಪಡಿಯನ್ನೂ ತಡೆಯಬಹುದಿತ್ತು. ಎರಡನ್ನೂ ಅವನು ಬಿಟ್ಟಿದ್ದ.

ಆ ರವಿವಾರ ಅವಳು ಬಾಗಲಕೋಟೆಗೆ ಹೋದಳು. ಕಲ್ಲಪ್ಪನಿಗೂ ಬರಲು ಹೇಳಿದ್ದಳು. ಅವನು ಹುನಗುಂದದ ಮೇಲೆ ಬಸ್ಸು ಹಿಡಿದು ಬಂದಿದ್ದ. ಅಂದಾನಪ್ಪ ಇಬ್ಬರನ್ನೂ ಕಂಪ್ಯೂಟರ್ ಕೋಣೆಗೇ ಕರೆದೊಯ್ದು ಕೂರಿಸಿ, ಕೇಳುವ ಮೊದಲೇ ಹೇಳಿದ. ಮುಂಬಯಿಯಿಂದ ಬರುವುದು ನಿಜ. ಲೈನು ಕಡಿದ ಕಡೆ ತುಂಬಿದ್ದು ತಾನು. ಮೊದಲು ಒಂದೆರಡು ಅಕ್ಷರ, ಆಮೇಲೆ ಪದ, ಆಮೇಲೆ ಇಡೀ ಸಾಲು. ಹಿಂದೆ ಮುಂದೆ ಓದಿದರೆ ನಡುವೆ ಏನಿತ್ತು ಎಂದು ತಿಳಿಯುತ್ತದೆ ಎಂಬ ಭರವಸೆ ಅವನಿಗಿತ್ತು. ತೂತು ಬಿದ್ದದ್ದನ್ನು ಜನರ ಕೈಗೆ ಕೊಡಲು ಮನಸ್ಸಾಗಲಿಲ್ಲ ಎಂದ.

ಕಲ್ಲಪ್ಪ ಮುಖ ಸಿಂಡರಿಸಿದ. ಅವನಿಗೆ ಇದೂ ನಾಟಕವೇ. "ಈಗ ಬಂತಲ್ಲ, ಆ ಹೆನಿಂಗಂದು, ಅದನ್ನೂ ನೀವ ಬರದಿರಬೇಕು. ಚುಕ್ಕಿ ಗೆರಿ ಹಾಕಾಕ ಏನ್ ಕಷ್ಟ ಐತಿ?"

"ಇದನ್ನ ಇವರ ಬರದಿದ್ರ ತಮ್ಮ ಮ್ಯಾಲ ತಪ್ಪು ಹಾಕ್ಕೊತಿದ್ದಿಲ್ಲ, ಕಲ್ಲಪ್ಪನವರ" ಎಂದಳು ಜಾನಕಿಬಾಯಿ. ಆಮೇಲೆ ಅಂದಾನಪ್ಪನ ಕಡೆ ತಿರುಗಿ, ಹೀಗೆ ತುಂಬಿದ್ದು ಎಷ್ಟು, ಯಾವ್ಯಾವುದು ಎಂದು ಕೇಳಿದಳು.

"ಭಾಳ ಅದಾವ್ರಿ. ಯಾವ್ಯಾವು ಅಂತ ನನಗೂ ಈಗ ನೆನಪಿಲ್ಲ. ಓದಿದ್ರ ಎಲ್ಲಾ ಅವರದ ಅನಸ್ತಾವ."

ಸುಳ್ಳು ಬರೆದವನಿಗಾದರೆ ಯಾವುದು ಸುಳ್ಳೆಂದು ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ.

ಕಲ್ಲಪ್ಪನ ದನಿ ಈಗ ಬೇರೆಯಾಗಿತ್ತು. ಕಲ್ಲಿಗೆ ಪಾಲಿಶ್ ಮಾಡುವ ಬಗ್ಗೆ ಇಟಲಿಯವನೊಬ್ಬ ಬರೆದಿದ್ದನಲ್ಲ, ಅದೇನು ಎಂದು ಕೇಳಿದ. ಅಷ್ಟೊಂದು ಆಡಿಕೊಳ್ಳುತ್ತಿದ್ದರೂ ಅವನು ಅದನ್ನು ನಂಬಿದ್ದ. ಮಾಲೀಕರಿಗೆ ಹೇಳಿ ಒಂದಿಡೀ ಲಾಟಿನ ಕಲ್ಲಿಗೆ ಹಾಗೇ ಪಾಲಿಶ್ ಮಾಡಿಸಿ, ಕಲ್ಲು ಮಸುಕಾಗಿ, ಅವರಿಂದ ಬೈಸಿಕೊಂಡಿದ್ದ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಶುರುದಾಗಿಂದು ಅವಂದು" ಎಂದ ಅಂದಾನಪ್ಪ ನೆಲ ನೋಡುತ್ತ. "ಉಳಿದಿದ್ದು ಹೇಳಾಕ ಬರಂಗಿಲ್ಲ."

ಕಲ್ಲಪ್ಪ ಎದ್ದ. ಗುರುಸಿದ್ದವ್ವ ತಂದ ಚಹಾ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಆಮೇಲೆ ಇಳಕಲ್ಲಿನಿಂದ ಆ ಬೋರ್ಡಿಗೆ ಕರೆ ಬರಲೇ ಇಲ್ಲ.

ಜಾನಕಿಬಾಯಿ ಕೂತೇ ಇದ್ದಳು. ಹಳೆಯದನ್ನೆಲ್ಲ ಬೋರ್ಡಿನಿಂದ ಅಳಿಸಬೇಕು ಎಂದಳು. ಒಳ್ಳೆಯವೂ ಹೋಗುತ್ತವೆ ಎಂದು ಅವನು ಸಂಕಟಪಟ್ಟ. ಯಾವುದು ಒಳ್ಳೆಯದೆಂದು ಹೇಳುವವರು ಯಾರು ಎಂದು ಅವಳು ಕೇಳಿದಾಗ ಒಂದೊಂದಾಗಿ ಅಳಿಸತೊಡಗಿದ. ಆ ರಾತ್ರಿ ಅವಳು ತಂಗಿಯ ಮನೆಯಲ್ಲಿ ಉಳಿದು, ಬೆಳಗಾಗುತ್ತಲೇ ಮತ್ತೆ ಬಂದಳು. ಈ ಸಲ ಅವನು ಬೇಡ ಎನ್ನಲಿಲ್ಲ. ಮುಂಬಯಿ ಸಿಕ್ಕಿತು, ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು, ಅಕ್ಷರಗಳು ಒಂದರ ಹಿಂದೊಂದು ಇಳಿಯತೊಡಗಿದವು. ಅಷ್ಟರಲ್ಲಿ ನಡುವೆ ಆಪರೇಟರ್ ಬಂದಳು. ಪರದೆಯ ತುಂಬ ಚುಕ್ಕೆ, ಗೆರೆ. ಅಂದಾನಪ್ಪನ ಬೆರಳು ತಾನಾಗಿಯೇ ಕೀಲಿಗಳ ಕಡೆ ಹೋಯಿತು. ಅವಳು ನೋಡುತ್ತಿರುವುದು ಕಂಡು ಅವನು ಕೈ ಹಿಂದೆ ಎಳೆದುಕೊಂಡ.

"ಇಲ್ಲಿ ಲೈನ್ ಕಡಿದದ ಅಂತ ಬರೀರಿ, ಸಾಕು" ಎಂದಳು.

ಅವನು ಹಾಗೇ ಬರೆದ. ಅವಳು ಅಲ್ಲೇ ಕೂತು ಹೆನಿಂಗನಿಗೆ ಒಂದು ಕ್ಷಮಾಪಣೆಯನ್ನೂ ಬರೆದು, ನಡೆದದ್ದನ್ನು ಹೆಸರೆತ್ತದೆ ತಿಳಿಸಿ, ನಿಮ್ಮ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ಕೇಳಿಕೊಂಡಳು. ಓದದೆ ಕಳಿಸುತ್ತೇನೆ ಎಂದ ಅಂದಾನಪ್ಪ.

ಮುಂದೆ ಆ ಬೋರ್ಡಿನಲ್ಲಿ ಬಂದ ಬರಹಗಳಲ್ಲಿ ಬಹಳಷ್ಟು ತೂತುಬಿದ್ದೇ ಇರುತ್ತಿದ್ದವು. ಆದರೂ ಜಾನಕಿಬಾಯಿ ಪ್ರತಿಯೊಂದನ್ನೂ ಎರಡು ಸಲ ಓದುತ್ತಿದ್ದಳು, ಅರ್ಥಕ್ಕೆ ಒಮ್ಮೆ, ದನಿಗೆ ಒಮ್ಮೆ. ಪೂರ್ತಿ ಬಂದ ಬರಹ ಕಂಡರೆ ಅವಳಿಗೆ ಇನ್ನಷ್ಟು ಅನುಮಾನ. ಹೆನಿಂಗನ ಎರಡನೆಯ ಉತ್ತರ ಒಂದು ಅಕ್ಷರವೂ ಕೆಡದೆ ಬಂದಾಗ ಅವಳು ಕಾಗದದ ಮೇಲೆ ಹೊಲ ಬರೆದು, ಬಾವಿ ಗುರುತಿಸಿ, ಅವನು ಹೇಳಿದ ಒಂದೊಂದು ಗೆರೆಯನ್ನೂ ತಾನೇ ಎಳೆದು, ಎರಡೂ ಪಾಲನ್ನು ಅಳೆದು ನೋಡಿದಳು. ಸಮನಾಗಿದ್ದವು. ಆಮೇಲೆಯೇ ಅದನ್ನು ತರಗತಿಗೆ ಒಯ್ದಳು.